ಕ್ಯಾಲ್ಸಿಯಂ ಬಾಟಲಿ

ಆ ಮನೆಯ ಗೇಟಿನ ಹೊರಗೆ ನಿಂತು ನನ್ನ ಎದೆಯ ಮೇಲಿದ್ದ ಬ್ಯಾಡ್ಜನ್ನು ನಾನೇ ಕಳಚಿ ಬ್ಯಾಗಿಗೆ ಹಾಕಿಕೊಂಡೆ. ಯಾರೂ ಕಿತ್ತುಕೊಳ್ಳಲಿಲ್ಲ. ರೋಗಿಯ ಮಗ ಕೈಮುಗಿದು ಕೇಳಿದ, ನಾನು ತೆಗೆದೆ. ಮುಂದೆ ನಡೆದದ್ದಕ್ಕೆ ನಾನು ಯಾರ್ಯಾರ ಮೇಲೋ ಸಿಟ್ಟು ಮಾಡಿಕೊಂಡಿದ್ದೇನೆ, ಇವತ್ತಿಗೂ ಮಾಡಿಕೊಳ್ಳುತ್ತೇನೆ. ಆದರೆ ಆ ಸಿಟ್ಟು ಊರೆಲ್ಲ ಸುತ್ತಿ ಕೊನೆಗೆ ಬಂದು ನಿಲ್ಲುವುದು ನನ್ನ ಬ್ಯಾಗಿನ ಜಿಪ್ಪಿನ ಹತ್ತಿರವೇ.

ನಾನು ನರ್ಸು. ಹುಬ್ಬಳ್ಳಿಯ ಒಂದು ಆಸ್ಪತ್ರೆಯ ನೋವು ಉಪಶಮನ ವಿಭಾಗದಿಂದ ರೋಗಿಗಳ ಮನೆಗೆ ಹೋಗುತ್ತೇನೆ. ಗುಣವಾಗುವುದಿಲ್ಲ ಎಂದು ಡಾಕ್ಟರರು ಹೇಳಿ ಮುಗಿಸಿದ ಮೇಲೆ ನಮ್ಮ ಕೆಲಸ ಶುರು. ರೋಗ ಹೋಗದಿದ್ದರೂ ನೋವು ಹೋಗಬೇಕು, ಮನುಷ್ಯ ಉಣ್ಣಬೇಕು, ಮಲಗಬೇಕು, ತನಗೆ ಬೇಕಾದವರ ಹತ್ತಿರ ನಾಲ್ಕು ಮಾತಾಡಬೇಕು. ಬ್ಯಾಡ್ಜಿನ ಮೇಲೆ ನನ್ನ ಹೆಸರಿನ ಕೆಳಗೆ 'ಕ್ಯಾನ್ಸರ್ ನೋವು ಉಪಶಮನ' ಎಂದು ಕನ್ನಡದಲ್ಲೇ ಬರೆದಿದೆ. ಮಗನಿಗೆ ಅದೇ ತೊಂದರೆಯಾಗಿತ್ತು.

"ಮೇಡಂ, ಒಂದ ಮಾತ್ರಿ," ಅಂದ. "ಅಪ್ಪಗ ಕ್ಯಾನ್ಸರ್ ಅಂತ ಗೊತ್ತಿಲ್ಲ. ಹೊಟ್ಟ್ಯಾಗ ಹುಣ್ಣಾಗೇತಿ ಅಂತ ಹೇಳೇವಿ. ಅವ್ವಗೂ ಅಷ್ಟ ಗೊತ್ತು. ಆಕೀಗೆ ಹೇಳಿದ್ರ ಆಕಿ ಮಾರಿ ನೋಡೇ ಅಪ್ಪ ತಿಳಕೋತಾರ. ನೀವು ಆ ಬ್ಯಾಡ್ಜ್ ಒಂದ ತಗೀರಿ. ಗಾಡೀನ ಗಿರಣಿ ಕಡೆ ನಿಲ್ಲಸ್ರಿ, ಅದರ ಮ್ಯಾಲೂ ಬರದೈತಿ. ನಮ್ಮಪ್ಪ ಕಣ್ಣಿಗೆ ಬಿದ್ದದ್ದೆಲ್ಲಾ ಓದತಾರ್ರಿ."

ಖರೇ ಇತ್ತು. ಅವರು ಶಿರಗುಪ್ಪಿಯ ಸರಕಾರಿ ಶಾಲೆಯ ಹೆಡ್‌ಮಾಸ್ತರರಾಗಿ ನಿವೃತ್ತಿಯಾಗಿ ಎರಡು ವರ್ಷವೂ ತುಂಬಿರಲಿಲ್ಲ. ಹುಟ್ಟಿದ್ದು ಮುಗದ ಎಂಬ ಹಳ್ಳಿಯಲ್ಲಿ, ಅಕ್ಷರ ಕಲಿತದ್ದು ಅವರ ಮನೆತನದಲ್ಲೇ ಅವರು ಮೊದಲು. ಹಾಗಾಗಿ ಓದುವುದೆಂದರೆ ಅವರಿಗೆ ಉಣ್ಣುವುದಕ್ಕಿಂತ ಹೆಚ್ಚು. ಮಿರ್ಚಿ ಭಜಿ ಕಟ್ಟಿ ಕೊಟ್ಟ ಎಣ್ಣೆ ಹಾಳೆಯನ್ನೂ ಬಿಡಿಸಿ ಓದಿ ಆಮೇಲೆ ಭಜಿ ತಿನ್ನುವ ಮನುಷ್ಯ. ಗೋಡೆಯ ಮೇಲೆ ಬುದ್ಧನ ಫೋಟೋ, ಅದರ ಕೆಳಗೆ ಎರಡು ಸಾಲು ಪುಸ್ತಕ, ಪುಸ್ತಕಗಳ ಪಕ್ಕದಲ್ಲೇ ಮಂಚ. ಮಗ ಧಾರವಾಡದಲ್ಲಿ ಸರಕಾರಿ ಕಚೇರಿಯ ಗುಮಾಸ್ತ. ಸೊಸೆ ಮನೆ ನೋಡಿಕೊಳ್ಳುತ್ತಿದ್ದಳು. ಮಾಸ್ತರರ ಹೆಂಡತಿಗೆ ಸಕ್ಕರೆ ಕಾಯಿಲೆ, ಅದರಿಂದ ಮೂತ್ರಪಿಂಡ ಸ್ವಲ್ಪ ಸೋತಿತ್ತು, ಮೊಣಕಾಲು ಪೂರ್ತಿ ಸೋತಿದ್ದವು.

ಮಾಸ್ತರರ ರೋಗ ಮೇದೋಜೀರಕ ಗ್ರಂಥಿಯದು. ಹೊಟ್ಟೆಯ ಹಿಂದೆ, ಬೆನ್ನುಮೂಳೆಗೆ ಒತ್ತಿಕೊಂಡಂತೆ ಇರುವ ಆ ಗ್ರಂಥಿಯ ಗಡ್ಡೆ ಸುಮ್ಮನೆ ಬೆಳೆಯುತ್ತದೆ, ಕಾಮಾಲೆ ಬಂದು ಕಣ್ಣು ಹಳದಿಯಾದಾಗಲೇ ಬಹುತೇಕರಿಗೆ ಗೊತ್ತಾಗುವುದು. ಅಷ್ಟರಲ್ಲಿ ಕತ್ತರಿಸುವ ಹಂತ ದಾಟಿರುತ್ತದೆ. ಇವರಿಗೆ ಪಿತ್ತನಾಳದಲ್ಲಿ ಒಂದು ಸಣ್ಣ ಕೊಳವೆ ಕೂಡಿಸಿ ಕಾಮಾಲೆ ಇಳಿಸಿದ್ದರು. ಆಮೇಲೆ ಉಳಿದದ್ದು ನೋವು. ಹೊಟ್ಟೆಯ ನಡುವೆ ಎದ್ದು ಬೆನ್ನಿಗೆ ಚುಚ್ಚಿಕೊಂಡು ಹೋಗುವ ನೋವು. ಅಂಗಾತ ಮಲಗಿದರೆ ಹೆಚ್ಚು, ಮುಂದಕ್ಕೆ ಬಾಗಿ ಕುಳಿತರೆ ಸ್ವಲ್ಪ ಕಡಿಮೆ.

ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿದ್ದಾಗ ಅವರಿಗೆ ಮಾರ್ಫಿನ್ ಶುರು ಮಾಡಿದ್ದರು. ನಮ್ಮಲ್ಲಿ ನೋವಿಗೆ ಹತ್ತಕ್ಕೆ ಎಷ್ಟು ಎಂದು ಕೇಳುತ್ತೇವೆ. ಬಂದಾಗ ಒಂಬತ್ತು ಅಂದವರು ನಾಲ್ಕನೇ ದಿನ ಎರಡಕ್ಕೆ ಇಳಿದಿದ್ದರು. ಆಸ್ಪತ್ರೆಯಲ್ಲಿ ಗುಳಿಗೆಯನ್ನು ಪುಡಿ ಮಾಡಿ ನರ್ಸ್ ಕುಡಿಸುತ್ತಿದ್ದಳು, ಹೆಸರು ಕೇಳಲು ಅವರಿಗೂ ತ್ರಾಣವಿರಲಿಲ್ಲ. ಮನೆಗೆ ಕಳಿಸುವಾಗ ಬೆಳಿಗ್ಗೆ ಒಂದು, ರಾತ್ರಿ ಒಂದು ನುಂಗುವ, ನಿಧಾನವಾಗಿ ಕರಗುವ ಗುಳಿಗೆಗೆ ಬದಲಾಯಿಸಿದರು. ಕೆಲಸ ಚೊಕ್ಕಾಗಿ ಆಗಿತ್ತು. ಇನ್ನು ಅದನ್ನು ಕೆಡಿಸದೆ ಇಟ್ಟುಕೊಳ್ಳುವುದಷ್ಟೇ ನನ್ನ ಪಾಲಿಗಿತ್ತು.

ಮಾರ್ಫಿನ್ ಕೊಡುವುದಕ್ಕೆ ನಮ್ಮಲ್ಲಿ ಕಟ್ಟುನಿಟ್ಟು ಕ್ರಮವಿದೆ. ಎರಡು ಬೀಗದ ಕಪಾಟು, ಎರಡು ಸಹಿ. ಹೊಸ ಗುಳಿಗೆ ಬೇಕೆಂದರೆ ಹಳೆಯ ಗುಳಿಗೆಗಳ ಖಾಲಿ ಪಟ್ಟಿಗಳನ್ನು, ಅಂದರೆ ಸ್ಟ್ರಿಪ್ಪುಗಳನ್ನು, ತಂದು ಒಪ್ಪಿಸಬೇಕು. ಹದಿನಾಲ್ಕು ಗುಳಿಗೆ ಹೋಗಿದ್ದರೆ ಹದಿನಾಲ್ಕು ಒಡೆದ ಗುಳ್ಳೆ ಕಾಣಬೇಕು. ನಾನು ಈ ಎಣಿಕೆಯಲ್ಲಿ ಹುಲಿ. ನನ್ನ ಮನೆಗಳಿಂದ ಒಂದು ಗುಳಿಗೆಯೂ ಹೆಚ್ಚುಕಮ್ಮಿ ಆಗಿಲ್ಲ ಎಂದು ನಮ್ಮ ಔಷಧಿ ಕೋಣೆಯವರ ಮುಂದೆ ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ಎರಡನೇ ಭೇಟಿಯಲ್ಲಿ ಸೊಸೆ ನನ್ನನ್ನು ಅಡಿಗೆಮನೆಗೆ ಕರೆದಳು. ಗೋಧಿಹಿಟ್ಟಿನ ಡಬ್ಬಿಯೊಳಗಿಂದ ಖಾಲಿ ಪಟ್ಟಿ ತೆಗೆದು ಕೊಟ್ಟಳು. ಗುಳಿಗೆಗಳು ಮಾತ್ರ ಒಂದು ಬಿಳಿ ಪ್ಲಾಸ್ಟಿಕ್ ಬಾಟಲಿಯಲ್ಲಿದ್ದವು. ಬಾಟಲಿಯ ಮೇಲೆ ಕ್ಯಾಲ್ಸಿಯಂ ಎಂದಿತ್ತು.

"ಪಟ್ಟಿ ಮ್ಯಾಲ ಹೆಸರ ಐತಲ್ರಿ, ಮಾವಾರು ಓದತಾರ. ಅದಕ್ಕ ಎಲ್ಲಾ ಒಡದ ಇದರಾಗ ಹಾಕೇನಿ. ಹೊತ್ತಿಗೆ ಸರಿಯಾಗಿ ಒಂದ ತಗದ ಅವರ ಅಂಗೈಯಾಗ ಕೊಡತೇನಿ. ಶಕ್ತಿಗೆ ಕ್ಯಾಲ್ಸಿಯಂ ಅಂತ ಹೇಳೇನ್ರಿ."

"ಶಾಣ್ಯಾಕಿ ಅದಿ ಬಿಡವಾ," ಅಂದೆ.

ಹೌದು, ಅಂದೆ. ಆ ಮಾತನ್ನು ಇಲ್ಲಿ ಬರೆಯುವುದಕ್ಕೆ ನನಗೆ ಸಂಕಟವಾಗುತ್ತದೆ, ಆದರೂ ಬರೆಯುತ್ತೇನೆ. ಹೊಸ ನರ್ಸುಗಳಿಗೆ ತರಬೇತಿ ಕೊಡುವಾಗ ಔಷಧಿಯನ್ನು ಅದರ ಪಟ್ಟಿಯಿಂದ ಹೊರಗೆ ಇಡಬೇಡಿ ಎಂದು ಹೇಳಿಕೊಡುವವಳು ನಾನೇ. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ. ಒಡೆದ ಗುಳ್ಳೆ ಎಣಿಸಿದೆ, ಸರಿ ಇತ್ತು, ಸಹಿ ಮಾಡಿಸಿಕೊಂಡು ಹೊರಟೆ. ಡಾಕ್ಟರರಿಗೆ ಬಾಟಲಿಯ ಸುದ್ದಿಯನ್ನು ಹೇಳಲೂ ಇಲ್ಲ.

ಎರಡನೇ ವಾರಕ್ಕೆ ನೋವು ಆರಕ್ಕೆ ಏರಿತು. ಮೂರನೇ ವಾರ ಎಂಟು. ಮಾಸ್ತರರು ಮಂಚದ ಅಂಚಿನಲ್ಲಿ ಕುಳಿತು ಎರಡೂ ಕೈಯಿಂದ ಹೊಟ್ಟೆ ಒತ್ತಿ ಹಿಡಿದು ಮೊಣಕಾಲಿಗೆ ಹಣೆ ತಾಗಿಸುತ್ತಿದ್ದರು. ಕಮರಿಪೇಟೆಯಲ್ಲಿ ಗ್ಯಾರೇಜು ಇಟ್ಟಿದ್ದ ಅವರ ಹಳೆಯ ವಿದ್ಯಾರ್ಥಿಯೊಬ್ಬ, ಒಬ್ಬ ಮುಸ್ಲಿಂ ಮೆಕ್ಯಾನಿಕ್, ಅದನ್ನು ನೋಡಿ ಕಬ್ಬಿಣದ ಪೈಪು ಬೆಸೆದು ಎದೆಯೆತ್ತರದ ಒಂದು ಆಸರೆ ಮಾಡಿ ತಂದ. ಮೇಲೆ ಸ್ಕೂಟರಿನ ಸೀಟು ಕೂಡಿಸಿದ್ದ. ಅದರ ಮೇಲೆ ತೋಳಿಟ್ಟು ಬಾಗಿ ಕುಳಿತೇ ಮಾಸ್ತರರು ನಿದ್ದೆ ಮಾಡಲು ನೋಡುತ್ತಿದ್ದರು. ಗೇಟಿನ ಹೊರಗೆ ಆತ ನನ್ನನ್ನು ತಡೆದು ಕೇಳಿದ: "ಅಕ್ಕಾರ, ಸರ್ ಇನ್ನ ಎಷ್ಟ ದಿನಾರೀ? ನಮಗೆಲ್ಲಾ ಗೊತ್ತೈತ್ರಿ. ಸರ್ ಮುಂದ ಮಾತ್ರ ಹುಣ್ಣು ಹುಣ್ಣು ಅಂತ ನಾಟಕಾ ಮಾಡಾಕತ್ತೇವಿ. ನಂಗ ನಾಚಿಕಿ ಬರತೈತಿ." ಕಮರಿಪೇಟೆಯ ಗ್ಯಾರೇಜಿನವರೆಗೆ ಸುದ್ದಿ ಹೋಗಿತ್ತು. ಓಣಿಗೆ ಗೊತ್ತಿತ್ತು, ಗಿರಣಿಯವನಿಗೆ ಗೊತ್ತಿತ್ತು. ರೋಗ ಯಾರ ಹೊಟ್ಟೆಯಲ್ಲಿತ್ತೋ ಅವರೊಬ್ಬರಿಗೆ ಗೊತ್ತಿರಲಿಲ್ಲ.

ಡಾಕ್ಟರರು ಗುಳಿಗೆಯ ಪ್ರಮಾಣವನ್ನು ಹತ್ತು ಮಿಲಿಗ್ರಾಮಿನಿಂದ ಇಪ್ಪತ್ತಕ್ಕೆ ಏರಿಸಿದರು. ಇಳಿಯಲಿಲ್ಲ. ನಡುನಡುವೆ ನೋವೆದ್ದರೆ ಕೊಡಲೆಂದು ಬೇರೆ ಸಣ್ಣ ಗುಳಿಗೆ ಬರೆದುಕೊಟ್ಟರು. ಮಗ ಆ ಪಟ್ಟಿಯನ್ನು ಒಡೆಯದೆ ಬೀರುವಿನಲ್ಲಿಟ್ಟ. ಯಾಕೆ ಕೊಡಲಿಲ್ಲ ಎಂದರೆ, "ನೋವು ಬಂದಾಗ ಕೊಟ್ಟ ಕೂಡಲೆ ಇಳದ್ರ ಅಪ್ಪ ಇದು ಎಂಥಾ ಗುಳಿಗಿ ಅಂತ ಕೇಳ್ತಾರ್ರಿ. ಮ್ಯಾಲ ಚಟಾ ಹಿಡೀತದಂತ," ಅಂದ. ನಾನು ಬೈದೆ. ಬೆನ್ನಿನ ಕಡೆಯಿಂದ ಸೂಜಿ ಹಾಕಿ ನೋವಿನ ನರವನ್ನೇ ಮರಗಟ್ಟಿಸುವ ವಿಧಾನವಿದೆ, ಈ ರೋಗದಲ್ಲಿ ಅದು ಬಹಳ ಮಂದಿಗೆ ಉಪಯೋಗಕ್ಕೆ ಬರುತ್ತದೆ. ಡಾಕ್ಟರರು ಅದಕ್ಕೆ ದಿನ ಕೊಟ್ಟರು. ಆಸ್ಪತ್ರೆಯ ಆ ವಿಭಾಗದ ಬೋರ್ಡಿನ ಮೇಲೆ ಕ್ಯಾನ್ಸರ್ ಎಂದು ದೊಡ್ಡದಾಗಿ ಬರೆದಿದೆ ಎಂಬ ಕಾರಣಕ್ಕೆ ಮಗ ಆ ದಿನವನ್ನು ಮುಂದೂಡಿದ. ಕೊನೆಗೆ ಪ್ರಮಾಣ ಮೂವತ್ತಕ್ಕೆ ಏರಿತು.

ನನ್ನ ಕಣ್ಣೆದುರಿಗೆ ಏನೇನಿತ್ತೆಂದು ಈಗ ಎಣಿಸುತ್ತೇನೆ. ಮಾರ್ಫಿನ್ ಒಳಗೆ ಹೋದವರ ಕಣ್ಣಿನ ಪಾಪೆ ಸಣ್ಣದಾಗುತ್ತದೆ. ಮಾಸ್ತರರ ಪಾಪೆ ಅಗಲವಾಗಿಯೇ ಇತ್ತು. ನಾನು ಟಾರ್ಚ್ ಹಿಡಿದು ನೋಡಿ, ಸರಿ ಇದೆ ಎಂದು ಬರೆದುಕೊಂಡೆ. ಮಾರ್ಫಿನ್ ತೆಗೆದುಕೊಂಡವರಿಗೆ ಮಲ ಕಟ್ಟುತ್ತದೆ. ಇವರಿಗೆ ಗ್ರಂಥಿ ಕೆಟ್ಟು ಜಿಡ್ಡು ಜೀರ್ಣವಾಗದೆ ಸಡಿಲವಾಗಿ ಹೋಗುತ್ತಿತ್ತು. ಮಲಬದ್ಧತೆ ಇಲ್ಲ, ಒಳ್ಳೆಯದಾಯಿತು ಎಂದು ಬರೆದುಕೊಂಡೆ. ಪಕ್ಕದಲ್ಲೇ ಜಮಖಾನೆಯ ಮೇಲೆ ಕುಳಿತ ಅವರ ಹೆಂಡತಿ ತೂಕಡಿಸುತ್ತಿದ್ದರು.

"ಅವ್ವಾರ, ನೀವ್ ಹೆಂಗದೀರಿ?" ಎಂದು ಕೇಳಿದ್ದೆ.

"ನಂದೇನ್ರಿ ನರ್ಸಬಾಯಿ, ಆರಾಮದೇನಿ. ಮಲಾ ಒಂದ ಬಿಗಿಯಾಗೇತಿ, ಬಾಯಿ ಒಣಗತೈತಿ. ಆದ್ರ ಮೊಣಕಾಲು ಎಷ್ಟ ಹಗುರ ಆಗ್ಯಾವ ನೋಡ್ರಿ! ಹತ್ತ ವರ್ಷದಾಗ ಇಷ್ಟ ಹಗುರ ಇದ್ದಿಲ್ಲ. ಇವರ ನೋವಿನ ಮುಂದ ನನ್ನ ನೋವ ಹೆದರಿ ಓಡಿ ಹೋತ ಕಾಣಸ್ತೈತಿ."

ನಾನು ನಕ್ಕೆ. ರಾತ್ರಿ ನಿದ್ದೆಗೆಟ್ಟಿದ್ದೀರಿ, ಮಧ್ಯಾಹ್ನ ಒಂದು ತಾಸು ಮಲಗಿ ಎಂದು ಸಲಹೆ ಕೊಟ್ಟೆ. ಮಾಸ್ತರರು ಆ ಕಬ್ಬಿಣದ ಆಸರೆಯ ಮೇಲಿಂದ ಮುಖವೆತ್ತಿ ಹೆಂಡತಿಯನ್ನು ನೋಡಿ, ಅಷ್ಟು ನೋವಿನಲ್ಲೂ, ಗುಟ್ಟು ಕಾಪಾಡಿದವರಂತೆ ಸಣ್ಣಗೆ ನಕ್ಕರು. ಆ ನಗುವನ್ನೂ ನಾನು ನೋಡಿದೆ.

ಐದನೇ ವಾರ, ಮೂವತ್ತರ ಗುಳಿಗೆ ಶುರುವಾದ ಮೂರನೇ ದಿನ ಹನ್ನೊಂದೂವರೆಯ ಹೊತ್ತಿಗೆ ಹೋದೆ. ಸೊಸೆ ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತಿದ್ದಳು. ಮಾಸ್ತರರು ಬಾಗಿ ಕುಳಿತಿದ್ದರು. ಅವರ ಹೆಂಡತಿ ಜಮಖಾನೆಯ ಮೇಲೆ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಗೊರಕೆ ಬರುವುದು, ನಿಲ್ಲುವುದು. ನಿಂತದ್ದು ಬಹಳ ಹೊತ್ತಾದ ಮೇಲೆ ಮತ್ತೆ ಬರುವುದು. ನನ್ನ ಕಾಲು ತಾನಾಗಿ ಅಲ್ಲಿಗೆ ಹೋಯಿತು. ಭುಜ ಹಿಡಿದು ಅಲುಗಿಸಿದೆ, ಏಳಲಿಲ್ಲ. ಎದೆಮೂಳೆಯ ಮೇಲೆ ಗೆಣ್ಣಿನಿಂದ ಉಜ್ಜಿದೆ, ಮುಲುಗಿ ಮತ್ತೆ ಜಾರಿದರು. ಸಕ್ಕರೆ ಇಳಿದಿರಬೇಕೆಂದು ಬೆರಳು ಚುಚ್ಚಿ ನೋಡಿದೆ, ಸರಿ ಇತ್ತು. ಗಡಿಯಾರ ಹಿಡಿದು ಉಸಿರು ಎಣಿಸಿದೆ. ನಿಮಿಷಕ್ಕೆ ಏಳು. ರೆಪ್ಪೆ ಎತ್ತಿ ಟಾರ್ಚ್ ಹಾಕಿದೆ. ಪಾಪೆ ಸಾಸಿವೆ ಕಾಳಿನಷ್ಟಿತ್ತು.

ಐದು ವಾರದಿಂದ ನಾನು ಗಂಡನ ಕಣ್ಣಿನಲ್ಲಿ ಹುಡುಕುತ್ತಿದ್ದದ್ದು ಹೆಂಡತಿಯ ಕಣ್ಣಿನಲ್ಲಿತ್ತು.

ನಮ್ಮ ಕಿಟ್‌ನಲ್ಲಿ ಮಾರ್ಫಿನ್ನಿನ ಪರಿಣಾಮ ಇಳಿಸುವ ಚುಚ್ಚುಮದ್ದು ಇರುತ್ತದೆ. ಡಾಕ್ಟರರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿ, ಅವರು ಹೇಳಿದಂತೆ ಅದನ್ನು ಸಲೈನಿನಲ್ಲಿ ತೆಳ್ಳಗೆ ಮಾಡಿ ನರಕ್ಕೆ ಸ್ವಲ್ಪ ಸ್ವಲ್ಪವೇ ಕೊಟ್ಟೆ. ಎರಡು ನಿಮಿಷಕ್ಕೊಮ್ಮೆ ಉಸಿರು ಎಣಿಸಿದೆ. ಏಳು, ಒಂಬತ್ತು, ಹನ್ನೆರಡು. ಕಣ್ಣು ತೆರೆದು, "ಯಾಕ್ರಿ ಬಾಯಿ, ಚಹಾ ಕುಡಿದ್ರೇನು?" ಅಂದರು. ಅದು ನಿಧಾನವಾಗಿ ಕರಗುವ ಗುಳಿಗೆ, ಚುಚ್ಚುಮದ್ದಿನ ಬಲ ಇಳಿದ ಮೇಲೆ ಮತ್ತೆ ಉಸಿರು ಕುಗ್ಗಬಹುದು. ಆಂಬುಲೆನ್ಸಿನಲ್ಲಿ ಡಾಕ್ಟರರೇ ಬಂದರು. ಅವ್ವನನ್ನೂ ಸೊಸೆಯನ್ನೂ ಕರೆದುಕೊಂಡು ಹೊರಟರು. ರೋಗಿಯನ್ನು ಒಬ್ಬರನ್ನೇ ಬಿಡುವಂತಿಲ್ಲ, ಮಗ ಬರುವವರೆಗೆ ನೀವು ಇಲ್ಲೇ ಇರಿ ಎಂದು ನನಗೆ ಹೇಳಿದರು.

ಮಾಸ್ತರರು ನನ್ನ ಕೈ ಹಿಡಿದು ಕೇಳಿದರು. "ಆಕೀಗೆ ಏನಾತ್ರಿ? ನಾ ಬರೇ ಕ್ಯಾಲ್ಸಿಯಂ ಕೊಟ್ಟೇನಿ."

"ಯಾವ ಕ್ಯಾಲ್ಸಿಯಂರೀ ಸರ?"

"ನನ್ನ ಪಾಲಿಂದು. ಸೊಸಿ ಕೊಟ್ಟ ಹೋಗತಿದ್ಲು, ನಾ ಮುಷ್ಟಿಯಾಗ ಹಿಡಕೊಂಡ ಆಕೀಗೆ ಕೊಡತಿದ್ದೆ. ಹೊಟ್ಟಿ ಹುಣ್ಣಿಗೆ ಕ್ಯಾಲ್ಸಿಯಂ ಏನ್ ಮಾಡತೈತ್ರಿ? ಆಕಿ ಎಲುಬು ಸವದಾವು. ಡಾಕ್ಟರ್ ಎಂದೋ ಬರದ ಕೊಟ್ಟಿದ್ರು, ಆಕಿ ತನಗ ಅಂತ ಒಂದ ದಿನಾ ತರಸ್ಕೊಂಡಿಲ್ಲ. ಹಾಲಿನ ಜೋಡಿ ನುಂಗು ಅಂತ ನಾನs ಗದರಿಸಿ ನುಂಗಸ್ತಿದ್ದೆ. ಆಕಿ ಕಾಲು ಹಗುರ ಆದ್ವು, ನಂಗ ಭಾಳ ಸಮಾಧಾನ ಆಗಿತ್ತು."

ಕೈಯಲ್ಲಿ ಬೆಣ್ಣೆ ಹಿಡಿದುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದ ಹಾಗಾಯಿತು ನಮ್ಮ ಬಾಳು. ನೋವು ಇಳಿಸುವ ಔಷಧಿ ಆ ಮನುಷ್ಯನ ಮುಷ್ಟಿಯಲ್ಲೇ ಇತ್ತು, ದಿನಕ್ಕೆರಡು ಸಲ, ಐದು ವಾರ. ನಾವು ಅದು ಸಾಲದೆಂದು ಪ್ರಮಾಣ ಏರಿಸುತ್ತಾ ಕುಳಿತೆವು. ಒಂದೊಂದು ಸಲ ಏರಿಸಿದಾಗಲೂ ಅದು ಹೋಗಿ ಬಿದ್ದದ್ದು ಮೂತ್ರಪಿಂಡ ಸೋತು ಮಾರ್ಫಿನ್ನನ್ನು ಹೊರಹಾಕಲಾರದ ಒಬ್ಬ ಹೆಂಗಸಿನ ಹೊಟ್ಟೆಗೆ. ಪಟ್ಟಿಗಳ ಎಣಿಕೆ ಮಾತ್ರ ತಪ್ಪಿರಲಿಲ್ಲ.

ಫೋನ್ ಬಂತು. ಮಗ, ಧಾರವಾಡದಿಂದ ಹೊರಟಿದ್ದ. "ಮೇಡಂ, ಅಪ್ಪ ಏನರ ಕೇಳಿದ್ರ ಅವ್ವಗ ಶುಗರ್ ಇಳದಿತ್ತು ಅಂತ ಹೇಳ್ರಿ. ನಾ ಬಂದ ಎಲ್ಲಾ ನೋಡಕೋತೇನಿ. ಅರ್ಧಾ ತಾಸು."

ನಾನು ಫೋನ್ ಇಟ್ಟೆ. ಮಾಸ್ತರರು ನನ್ನನ್ನೇ ನೋಡುತ್ತಿದ್ದರು.

"ಆ ಬಾಟಲ್ಯಾಗ ಏನೈತ್ರಿ?"

ಇಂಥ ಸುದ್ದಿ ಹೇಳುವುದಕ್ಕೆ ನಮಗೆ ಕಲಿಸಿದ ರೀತಿಯಿದೆ. ಮೊದಲು ಅವರಿಗೆ ಎಷ್ಟು ಗೊತ್ತಿದೆ ಎಂದು ಕೇಳಬೇಕು, ಎಷ್ಟು ತಿಳಿಯಬೇಕೆಂದು ಕೇಳಬೇಕು, ಡಾಕ್ಟರರ ಜೊತೆ ಕೂತು ಹೇಳಬೇಕು. ಡಾಕ್ಟರರು ಆಂಬುಲೆನ್ಸಿನಲ್ಲಿದ್ದರು. ಫೋನ್ ಮಾಡಿದೆ. ರೋಗಿ ತಾವಾಗಿ ಕೇಳುತ್ತಿದ್ದಾರೆಯೇ ಎಂದು ಕೇಳಿದರು. ಹೌದು ಎಂದೆ. "ಹಂಗಾದ್ರ ಸುಳ್ಳ ಹೇಳಬ್ಯಾಡ್ರಿ," ಎಂದರು. ಆ ಮಾತು ನನಗೆ ಮೊದಲ ದಿನವೇ ಹೊಳೆಯಬೇಕಿತ್ತು.

"ಸರ, ಎಲ್ಲಾ ಹೇಳಲೇನ್ರಿ? ಇಲ್ಲಾ ಬರೇ ಬಾಟಲಿ ವಿಷಯ ಸಾಕೇನ್ರಿ?"

"ಪುಸ್ತಕಾ ಅರ್ಧಾ ಓದಿ ಮಡಚಿಟ್ಟವ ಅಲ್ರಿ ನಾ."

ಬ್ಯಾಗಿನ ಜಿಪ್ಪು ತೆಗೆದು ಬ್ಯಾಡ್ಜ್ ಹಾಕಿಕೊಂಡೆ. ಅಡಿಗೆಮನೆಗೆ ಹೋಗಿ ಹಿಟ್ಟಿನ ಡಬ್ಬಿಯಿಂದ ಖಾಲಿ ಪಟ್ಟಿ ತೆಗೆದು, ಹಿಟ್ಟು ಒರೆಸಿ, ಅವರ ಕೈಗೆ ಕೊಟ್ಟೆ. ಓದಿ ಸರ ಎಂದೆ. ಕನ್ನಡಕ ಹಾಕಿಕೊಂಡು, ಬಾಗಿಯೇ, ಪಟ್ಟಿಯನ್ನು ಬೆಳಕಿಗೆ ಹಿಡಿದು ಒಂದೊಂದೇ ಅಕ್ಷರ ಓದಿದರು. ಆಮೇಲೆ ನನ್ನ ಬ್ಯಾಡ್ಜನ್ನು ಓದಿದರು. ನಾನು ಅವರ ಪಕ್ಕದಲ್ಲಿ ಕುಳಿತು ಗ್ರಂಥಿಯ ಹೆಸರು, ಗಡ್ಡೆ, ಕೊಳವೆ ಹಾಕಿದ್ದು ಯಾಕೆ, ಮುಂದೆ ಏನಾಗುತ್ತದೆ, ಎಲ್ಲವನ್ನೂ ಹೇಳಿದೆ. ಎಷ್ಟು ದಿನ ಎಂದು ಕೇಳಿದರು. ತಿಂಗಳುಗಳ ಮಾತಲ್ಲ, ವಾರಗಳ ಮಾತು ಎಂದೆ.

"ಆಕಿ ಬದಕತಾಳಲ್ಲ?"

"ಬದಕತಾರ್ರಿ. ನಾಳಿ ನಾಡಿದ್ದ ಮನಿಗೆ ಬರತಾರ."

ಆಗ ಅವರಿಗೆ ಸಿಟ್ಟು ಬಂತು. ನೋವಿನಿಂದ ಸೊರಗಿದ ಮೈಯೊಳಗಿಂದ ಅಷ್ಟು ದೊಡ್ಡ ದನಿ ಹೇಗೆ ಬಂತೋ ತಿಳಿಯದು. "ಮೂವತ್ತಾರು ವರ್ಷ ಕಂಡವರ ಮಕ್ಕಳಿಗೆ ಓದಾಕ ಕಲಿಸೇನ್ರಿ. ನನ್ನ ಹೆಸರಿಗೆ ಬಂದ ಚೀಟಿ ನನಗ ಓದಾಕ ಕೊಡಲಿಲ್ಲಲ್ರಿ ನನ್ನ ಮನ್ಯಾಗ! ನಮ್ಮಪ್ಪಗ ಅಕ್ಷರ ಬರತಿದ್ದಿಲ್ಲ. ಯಾವನೋ ಕಾಗದಾ ತೋರಿಸಿ ಇಲ್ಲೊತ್ತು ಅಂದ್ರ ಹೆಬ್ಬಟ್ಟ ಒತ್ತತಿದ್ದ. ನಾ ಓದಿದ್ದು ಅದಕ್ಕಂತ. ಇವತ್ತ ನನ್ನ ಮಗಾ ನನ್ನ ಮತ್ತ ಹೆಬ್ಬಟ್ಟ ಮಾಡಿದ. ನೀವೂ ಕೂಡಿ ಮಾಡಿದ್ರಿ."

ಹೌದು ಸರ್ ಎಂದೆ.

ಮಗ ಬಂದು ಬಾಗಿಲಲ್ಲೇ ನಿಂತ. ಅಪ್ಪನ ಕೈಯಲ್ಲಿ ಪಟ್ಟಿ, ನನ್ನ ಎದೆಯ ಮೇಲೆ ಬ್ಯಾಡ್ಜ್. "ಇದನ್ನ ಹೇಳಾಕ ನಿಮಗ ಹಕ್ಕ ಕೊಟ್ಟಾವ್ರು ಯಾರ್ರಿ? ನಿಮ್ಮ ಮ್ಯಾಲ ಕಂಪ್ಲೇಂಟ್ ಕೊಡತೇನಿ," ಎಂದು ಕೂಗಿದ. ನಾನೂ ಕೂಗಿದೆ. ಕೊಡಿ, ಪೆನ್ನು ನಾನೇ ಕೊಡುತ್ತೇನೆ, ಬ್ಯಾಡ್ಜ್ ಹಾಕಿಕೊಂಡದ್ದಕ್ಕಲ್ಲ, ತೆಗೆದದ್ದಕ್ಕೆ ಕೊಡಿ ಎಂದೆ. ನರ್ಸು ರೋಗಿಯ ಮನೆಯಲ್ಲಿ ಹಾಗೆ ಕೂಗಬಾರದು.

ಮಾಸ್ತರರು ಕೈಯೆತ್ತಿ ಇಬ್ಬರನ್ನೂ ಸುಮ್ಮನಾಗಿಸಿದರು. ಮಗನಿಗೆ ಹೇಳಿದರು: "ಏಳನೇ ಇಯತ್ತೆದಾಗ ಗಣಿತದಾಗ ನಪಾಸ ಆಗಿ ಮಾರ್ಕ್ಸ್ ಕಾರ್ಡ್ ಹಾಸಿಗಿ ಬುಡಕ ಮುಚ್ಚಿಟ್ಟಿದ್ದಿ. ನಿನ್ನ ಬುದ್ಧಿ ಇನ್ನೂ ಅಲ್ಲೇ ಐತಿ. ಹೋಗು, ಅವ್ವನ ನೋಡ್ಕೊಂಡ ಬಾ." ಮಗ ಅಲ್ಲೇ ನೆಲಕ್ಕೆ ಕುಸಿದು ಕುಳಿತು ಅತ್ತ. ಅವನಿಗೆ ಅಪ್ಪನ ಮೇಲೆ ಪ್ರೀತಿ ಇರಲಿಲ್ಲವೆಂದು ನಾನು ಹೇಳುವುದಿಲ್ಲ. ಪ್ರೀತಿ ಇತ್ತು, ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಬಾಟಲಿಯಲ್ಲಿ ಹಾಕಿಟ್ಟಿದ್ದ. ಆದರೂ ನನ್ನ ಸಿಟ್ಟು ಇಳಿಯಲಿಲ್ಲ.

ಮಾರನೆಯ ದಿನ ನಡೆದದ್ದನ್ನೆಲ್ಲ ನಾನೇ ಬರೆದು ವಿಭಾಗದ ಮುಖ್ಯಸ್ಥರಿಗೆ ಕೊಟ್ಟೆ. ಡಾಕ್ಟರರು ನನ್ನನ್ನು ಕೂರಿಸಿಕೊಂಡು ಬಾಟಲಿಯ ವಿಷಯಕ್ಕೆ ಚೆನ್ನಾಗಿ ಬೈದರು, ಬೈಯಬೇಕಾದ್ದೇ. ಮಾಸ್ತರರ ಮೈಗೆ ವಾರಗಟ್ಟಲೆ ಮಾರ್ಫಿನ್ ಹೋಗಿರಲಿಲ್ಲ, ಹಾಗಾಗಿ ಮೂವತ್ತರಿಂದ ಶುರು ಮಾಡಿದರೆ ಅವರೂ ಉಸಿರು ಕಳೆದುಕೊಳ್ಳುತ್ತಿದ್ದರು. ಮತ್ತೆ ಹತ್ತರಿಂದ ಶುರು ಮಾಡಿದೆವು. ಜೊತೆಗೆ, ಊಟದೊಂದಿಗೆ ಜಿಡ್ಡು ಕರಗಿಸುವ ಮಾತ್ರೆ ತಪ್ಪದಂತೆ ಕೊಟ್ಟೆವು. ಮೂರನೇ ದಿನ ನಾನು ಹೋದಾಗ ಮಾಸ್ತರರು ಆಸರೆಗೆ ಒರಗಿರಲಿಲ್ಲ, ಮೂರು ದಿಂಬು ಇಟ್ಟುಕೊಂಡು ಮಲಗಿ ಪೇಪರ್ ಓದುತ್ತಿದ್ದರು. ಹತ್ತಕ್ಕೆ ಎಷ್ಟು ಎಂದು ಕೇಳಿದೆ.

"ಎರಡು. ಕಡಿಮಿ ಮಾರ್ಕ್ಸ್ ಬಿದ್ದದ್ದಕ್ಕ ಖುಷಿ ಪಟ್ಟದ್ದು ಇದs ಮೊದಲು."

ಅಷ್ಟು ಸಣ್ಣ ಗುಳಿಗೆ ಸಾಕಾಗಿತ್ತು. ಮೊದಲ ದಿನದಿಂದಲೂ ಸಾಕಾಗುತ್ತಿತ್ತು.

ಅವ್ವ ಎರಡು ದಿನಕ್ಕೆ ಮನೆಗೆ ಬಂದರು. ಅವರಿಗೆ ಗಂಡನೇ ಎಲ್ಲವನ್ನೂ ಹೇಳಿದರು. ನೂರು ಪುಟದ ನೋಟ್‌ಬುಕ್ ತರಿಸಿ ಗೆರೆ ಹಾಕಿ, ದಿನ, ಹೊತ್ತು, ಗುಳಿಗೆಯ ಹೆಸರು, ನೋವಿನ ಅಂಕ ಎಂದು ಚೌಕದ ಮನೆಗಳನ್ನು ಮಾಡಿದರು. ಕನ್ನಡ ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟ ಹೆಂಡತಿಗೆ ಪಟ್ಟಿಯ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಕಲಿಸಿದರು. ಎಂ, ಓ, ಆರ್. ನಾನು ಹೋದಾಗಲೆಲ್ಲ ಅವ್ವ ಪಟ್ಟಿಯನ್ನು ಕೈಯಲ್ಲಿ ಹಿಡಿದು ಬೆರಳಿಟ್ಟು ಓದಿ ತೋರಿಸುತ್ತಿದ್ದರು, ತಪ್ಪಿದರೆ ಮಾಸ್ತರರು ಮಂಚದ ಮೇಲಿಂದಲೇ ಗದರಿಸುತ್ತಿದ್ದರು. ಗ್ಯಾರೇಜಿನ ಮೆಕ್ಯಾನಿಕ್ ದಿನಾ ಸಂಜೆ ಬಂದು, ಹುಣ್ಣಿನ ನಾಟಕವಿಲ್ಲದೆ, ಶಾಲೆಯ ದಿನಗಳ ಪೆಟ್ಟುಗಳನ್ನು ಎಣಿಸಿ ನಗಿಸುತ್ತಿದ್ದ. ಮಗ ರಜೆ ಹಾಕಿ ಅಪ್ಪನ ಕಾಲ ಬಳಿ ಕುಳಿತಿರುತ್ತಿದ್ದ. ಹೀಗೆ ಹದಿನೇಳು ದಿನ. ಅಂಥ ದಿನಗಳು ಅವರಿಗೆ ಇನ್ನೂ ಐದು ವಾರ ಹೆಚ್ಚಿಗೆ ಇದ್ದವು, ನಾವು ಅವನ್ನು ಹಾಳು ಮಾಡಿದೆವು.

ಹದಿನೇಳನೆಯ ಮಧ್ಯಾಹ್ನ ಅವರು ನಿದ್ದೆಯಲ್ಲೇ ಹೋದರು. ನೋಟ್‌ಬುಕ್ಕಿನಲ್ಲಿ ಹಿಂದಿನ ದಿನದ ಮನೆಯಲ್ಲಿ ನೋವಿನ ಅಂಕ ಒಂದು ಎಂದಿತ್ತು. ಅಕ್ಷರ ಮಾಸ್ತರರದಲ್ಲ, ಅವ್ವನದು.

ಎರಡು ವಾರ ಬಿಟ್ಟು ನಾವು ಮನೆಯವರನ್ನು ಮತ್ತೊಮ್ಮೆ ನೋಡಿ ಬರುತ್ತೇವೆ, ಉಳಿದ ಗುಳಿಗೆಗಳನ್ನೂ ವಾಪಸು ತರುತ್ತೇವೆ. ಗಾಡಿಯನ್ನು ಗೇಟಿನೆದುರೇ ನಿಲ್ಲಿಸಿದೆ. ಅವ್ವ ಪಟ್ಟಿಗಳನ್ನು ರಬ್ಬರ್ ಹಾಕಿ ಕಟ್ಟಿ ಇಟ್ಟಿದ್ದರು, ಒಂದೊಂದೇ ಹೆಸರು ಓದಿ ನನ್ನ ಕೈಗೆ ಕೊಟ್ಟರು. ಮಗ ಕುರ್ಚಿಯ ಮೇಲಿದ್ದ. ಎಲ್ಲ ಮುಗಿದ ಮೇಲೆ ಅವ್ವ ಕೇಳಿದರು:

"ಬಾಯಿ, ಖರೇ ಹೇಳ್ರಿ. ನನ್ನ ಕಾಲು ಹಗುರ ಇದ್ದ ದಿನಾನs ಅವರ ಹೊಟ್ಟಿ ಹರೀತಿತ್ತು, ಹೌದಲ್ರಿ? ಅವರ ನಿದ್ದಿ ಎಲ್ಲಾ ನನ್ನ ಮೊಣಕಾಲಿಗೆ ಬಂದಿತ್ತು. ನಾ ಹುಚ್ಚಿ, ನಿಮ್ಮ ಮುಂದ ನಕ್ಕೊಂತ ಹೇಳತಿದ್ದೆ. ಗಂಡನ ಪಾಲಿಂದ ತಿಂದೆ ನಾ."

"ಅವ್ವಾ, ಆಗಿದ್ದಾತು, ಬಿಡು," ಅಂದ ಮಗ.

ಆಗ ನನಗೆ ಬಂದ ಸಿಟ್ಟು ಅದಕ್ಕೆ ಮೊದಲು ಯಾವತ್ತೂ ಬಂದಿರಲಿಲ್ಲ. ಆ ಮನೆಯಲ್ಲಿ ತಪ್ಪು ಮಾಡದವರು ಇಬ್ಬರೇ. ಒಬ್ಬರು ಹೋದರು, ಉಳಿದವರೊಬ್ಬರು ನಮ್ಮೆಲ್ಲರ ತಪ್ಪನ್ನು ಬೆನ್ನ ಮೇಲೆ ಹೊತ್ತು ಕುಳಿತಿದ್ದಾರೆ. ಆಗಿದ್ದು ಆಯಿತು ಎಂದು ಬಿಡಲು ಮಾಡಿದವರಿಗೆ ಸುಲಭ.

"ನಿಮ್ಮ ತಪ್ಪಲ್ರಿ ಅವ್ವಾರ. ನಂದು," ಅಂದೆ.

ಅವ್ವ ನನ್ನ ಮುಖ ನೋಡಿದರು. ಮಂಚದ ಪಕ್ಕದಿಂದ ಆ ನೋಟ್‌ಬುಕ್ ತೆಗೆದು, ಕೊನೆಯ ಮನೆಯ ಕೆಳಗೆ ಬೆರಳಿಟ್ಟು ನನ್ನ ಮುಂದೆ ಹಿಡಿದರು.

"ಬರದ ಕೊಡ್ರಿ. ಬಾಯಿ ಮಾತ ಅವರು ನಂಬತಿದ್ದಿಲ್ಲ."

ಬರೆದೆ. 'ಈ ಮನೆಯ ತಾಯಿಯದು ಏನೂ ತಪ್ಪಿಲ್ಲ. ಗುಳಿಗೆಯ ನಿಜವಾದ ಹೆಸರನ್ನು ಅವರಿಗೂ ಅವರ ಗಂಡನಿಗೂ ಹೇಳಲಿಲ್ಲ. ತಪ್ಪು ನನ್ನದು.' ಬ್ಯಾಡ್ಜಿನಲ್ಲಿರುವ ಪೂರ್ತಿ ಹೆಸರು ಬರೆದು ಸಹಿ ಹಾಕಿದೆ. ಅವ್ವ ಬೆರಳಿಟ್ಟು ಕೊನೆಯವರೆಗೆ ಓದಿದರು. ಆಮೇಲೆ ನೋಟ್‌ಬುಕ್ಕನ್ನು ಮಗನ ತೊಡೆಯ ಮೇಲಿಟ್ಟು ಪೆನ್ನು ಕೊಟ್ಟರು. ಅವನು ನನ್ನ ಸಹಿಯ ಕೆಳಗೆ ಒಂದೇ ಒಂದು ಪದ ಬರೆದ. 'ನನ್ನದೂ.'

ಅವ್ವ ಅದನ್ನೂ ಓದಿ, ನೋಟ್‌ಬುಕ್ಕನ್ನು ಮಾಸ್ತರರ ಪುಸ್ತಕಗಳ ಸಾಲಿನಲ್ಲಿ ಇಟ್ಟರು. "ಚಹಾ ಕುಡದ ಹೋಗ್ರಿ," ಎಂದು ಗೋಡೆ ಹಿಡಿದು, ಎರಡೂ ಮೊಣಕಾಲನ್ನು ಒತ್ತಿಕೊಳ್ಳುತ್ತಾ, ನೋವಿನಿಂದ ಹಲ್ಲು ಕಚ್ಚಿ ಎದ್ದರು.